ಹೊರಗಿಂದ ತೆರೆಯದ ಬಾಗಿಲು

ಟೀವಿಯ ಮೇಲೆ ಟವೆಲ್ ಹೊದಿಸಿದವಳು ಬೀಗದಜ್ಜಿ. ಎಲ್ಲೋ ದೂರದ ಊರಿನ ಶಾಲೆಯೊಂದಕ್ಕೆ ಯಾವನೋ ಬಂದೂಕು ಹಿಡಿದು ನುಗ್ಗಿದ್ದ. ಪಾಠ ಕೇಳುತ್ತ ಕೂತಿದ್ದ ಎಷ್ಟೋ ಮಕ್ಕಳು ಮನೆಗೆ ಮರಳಲಿಲ್ಲ. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಅದೇ ಗೇಟು, ಅದೇ ಅಳುವ ತಾಯಂದಿರು. ಅಜ್ಜಿ ನೋಡುವಷ್ಟು ನೋಡಿದಳು, ಅಳುವಷ್ಟು ಅತ್ತಳು. ಮೂರನೆಯ ದಿನ ಮೂಗೊರೆಸಿಕೊಂಡು ಎದ್ದವಳೇ ವಯರು ಕಿತ್ತು, ಸ್ನಾನದ ಟವೆಲ್ಲನ್ನು ತಂದು ಟೀವಿಗೆ ಮುಸುಕು ಹಾಕಿಬಿಟ್ಟಳು.

"ಇನ್ನು ಈ ಮನೇಲಿ ಯಾರಾದ್ರೂ ಆ ಮಾತು ಎತ್ತಿದ್ರೆ ನೋಡಿ," ಎಂದು ಮಗನಿಗೂ ಸೊಸೆಗೂ ಕಡ್ಡಿ ಮುರಿದಂತೆ ಹೇಳಿದಳು. "ಮಗು ಕಿವಿಗೆ ಬೀಳಬಾರದು. ಗೊತ್ತಿಲ್ಲದೆ ಇದ್ರೆ ಮಕ್ಕಳು ಯಾಕೆ ಹೆದರ್ತವೆ?"

ಅವಳು ಹೀಗೆ ಹೇಳುವಾಗ ಮಗು ಟೀವಿ ಇಟ್ಟಿದ್ದ ಮೇಜಿನ ಕೆಳಗೇ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿತ್ತು.

ಮಗುವನ್ನು ಮನೆಯಲ್ಲಿ ಚಿಟಿಕೆ ಎನ್ನುತ್ತಿದ್ದರು. ಹುಟ್ಟಿದಾಗ ಚಿಟಿಕೆಯಷ್ಟಿದ್ದಳಂತೆ, ಈಗ ಎಂಟು ವರ್ಷವಾಗಿ ಮೂರನೇ ಕ್ಲಾಸಿಗೆ ಬಂದಿದ್ದರೂ ಹೆಸರು ಅಂಟಿಕೊಂಡೇ ಇತ್ತು. ಅಜ್ಜಿಗೆ ಬೀಗದಜ್ಜಿ ಎಂಬ ಹೆಸರು ಬಂದದ್ದೂ ಸುಮ್ಮನೆ ಅಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆ ಮೊಳೆಗೂ ಇನ್ನೂ ಹಲ್ಲು ಕೊರೆಯದ ಬೀಗದಕೈಗಳ ಗೊಂಚಲು. ಗಂಡ ತೀರಿಕೊಂಡ ವರ್ಷ ಕೀ ಉಜ್ಜುವ ಅರ ಕೈಗೆತ್ತಿಕೊಂಡವಳು ಇನ್ನೂ ಕೆಳಗಿಟ್ಟಿರಲಿಲ್ಲ. ಪಕ್ಕದಲ್ಲಿ ಮೆಶೀನಿದ್ದರೂ ಕೊನೆಯ ಹಲ್ಲನ್ನು ಕೈಯಲ್ಲೇ ಉಜ್ಜದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮಗನದು ಕರೆದಲ್ಲಿಗೆ ಹೋಗಿ ಬಾಗಿಲುಗಳಿಗೆ ಬೀಗ ಕೂರಿಸುವ ಕೆಲಸ. ಸೊಸೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಾಳೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುವವಳು. ಹಾಗಾಗಿ ಚಿಟಿಕೆಯನ್ನು ಎಬ್ಬಿಸುವುದು, ತಿನ್ನಿಸುವುದು, ಡಬ್ಬಿ ಕಟ್ಟುವುದು, ಗದರುವುದು ಎಲ್ಲ ಅಜ್ಜಿಯ ಪಾಲಿಗೆ.

ಸುದ್ದಿ ಬಂದ ವಾರವೇ ಮಗನಿಗೆ ಚಿಟಿಕೆಯ ಶಾಲೆಯಿಂದ ಕರೆ ಬಂತು. ಹದಿನಾಲ್ಕು ಕ್ಲಾಸ್ ರೂಮು, ಎಲ್ಲದಕ್ಕೂ ಒಳಗಿಂದ ಭದ್ರವಾಗುವ ಬೀಗ ಬೇಕು ಎಂದರು ಹೆಡ್‌ಮೇಡಂ. ಅವನು ಎರಡು ದಿನ ಊಟದ ತಟ್ಟೆಯ ಪಕ್ಕದಲ್ಲೇ ಪೆನ್ಸಿಲ್ ಇಟ್ಟುಕೊಂಡು ಚಿತ್ರ ಬರೆದ.

"ಬಾಗಿಲು ಎಳ್ಕೊಂಡ್ರೆ ಸಾಕಮ್ಮ, ತಾನೇ ಕೂತ್ಕೊಳ್ಳುತ್ತೆ," ಎಂದ ತಾಯಿಗೆ. "ಹೊರಗಡೆ ಕೀ ಹಾಕೋ ತೂತೇ ಇಲ್ಲ. ತೂತು ಇದ್ರೆ ತಾನೆ ಕಳ್ಳ ಕೀ ಹಾಕೋದು? ಒಳಗಿಂದ ಮಾತ್ರ ಹಿಡಿ ತಿರುಗಿಸಿ ತೆಗೀಬೇಕು."

"ನಿಮ್ಮಪ್ಪ ಇದ್ದಿದ್ರೆ ಬೆನ್ನು ತಟ್ಟೋರು," ಎಂದಳು ಅಜ್ಜಿ. ಅವಳ ಬಾಯಿಂದ ಇಂಥ ಮಾತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಭಾನುವಾರ ಶಾಲೆಗೆ ರಜೆ. ಬೀಗ ಕೂರಿಸಲು ಹೋಗುವಾಗ ಅವನು ಮಗಳನ್ನೂ ಜೊತೆಗೆ ಕರೆದುಕೊಂಡು ಹೋದ. ತಿರುಗಿ ಬಂದವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. "ನಮ್ಮ ಚಿಟಿಕೆಗೆ ಎಲ್ಲಾ ತೋರಿಸ್ದೆ," ಎಂದು ಕೈ ತೊಳೆಯುತ್ತ ಹೇಳಿದ. "ಇನ್ನು ಭಯ ಗಿಯ ಏನೂ ಇಲ್ಲ. ಅಲ್ವೇನೋ ಪುಟ್ಟಾ?"

"ಹೂಂ," ಎಂದಳು ಚಿಟಿಕೆ.

ಮರುವಾರ ಶಾಲೆಯಲ್ಲಿ, ಅಂಥವನು ನುಗ್ಗಿದರೆ ಏನು ಮಾಡಬೇಕೆಂಬ ಅಭ್ಯಾಸ ನಡೆಯಿತು. ಗಂಟೆ ಬಿಡದೆ ಬಡಿದರೆ ಟೀಚರು ಬಾಗಿಲು ಎಳೆದು ದೀಪ ಆರಿಸಬೇಕು. ಮಕ್ಕಳು ಗೋಡೆಗೆ ಒತ್ತಿಕೊಂಡು ತುಟಿ ಪಿಟಕ್ಕೆನ್ನದೆ ಕೂರಬೇಕು. ಯಾರು ತಟ್ಟಿದರೂ ಬಾಗಿಲು ತೆಗೆಯಬಾರದು. ಶಾಲೆಯಿಂದ ಮನೆಗೆ ಚೀಟಿಯೂ ಬಂದಿತ್ತು. ಸೊಸೆ ಅದನ್ನು ಓದಿ ಮಗಳನ್ನು ಹತ್ತಿರ ಕೂರಿಸಿಕೊಂಡಳು.

"ಹೇಗಿತ್ತೇ ಇವತ್ತು? ಭಯ ಆಯ್ತಾ?"

"ನೀನೇ ಯಾಕೆ ಭಯ ಅಂತ ಬಾಯಿಗೆ ಹಾಕ್ತೀಯ?" ಅಡುಗೆಮನೆಯಿಂದಲೇ ಅಜ್ಜಿ ಸಿಡುಕಿದಳು. "ಆಟ ಅದು, ಅಷ್ಟೇ. ಏನೇ ಚಿಟಿಕೆ?"

"ಆಟ," ಎಂದಳು ಚಿಟಿಕೆ. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯಿತು ಎಂದು ಅಜ್ಜಿ ಅಂದುಕೊಂಡಳು, ಅಷ್ಟೆ. ಎರಡು ದಿನ ಕಳೆಯುವಷ್ಟರಲ್ಲಿ ಬೆಳಗಿನ ಹಾಲಿನ ಲೋಟ ಹಾಗೇ ಉಳಿಯತೊಡಗಿತು. ಕಿತ್ತಳೆ ಬೇಡ, ಸೂಪು ಬೇಡ, ಒಣ ಬ್ರೆಡ್ಡೇ ಸಾಕು. ಸಂಜೆ ಬಂದರೆ ಚೀಲ ಬಾಗಿಲಲ್ಲೇ ಎಸೆದು ಬಚ್ಚಲಿಗೆ ಓಟ. ಅಜ್ಜಿಗೆ ಅದರಲ್ಲಿ ಸಂತೋಷವೇ. "ನೋಡು, ಬಂದ ತಕ್ಷಣ ಕೈಕಾಲು ತೊಳ್ಕೊಳ್ಳೋದು ಅಭ್ಯಾಸ ಆಗಿದೆ. ನಾನು ಹೇಳಿ ಹೇಳಿ," ಎಂದು ಸೊಸೆಗೆ ಚುಚ್ಚಿದಳು. ನೀರಿನ ಬಾಟಲಿಯೂ ದಿನಾ ಖಾಲಿಯಾಗಿಯೇ ಬರುತ್ತಿತ್ತು. ಅದನ್ನು ಅಲ್ಲಾಡಿಸಿ ನೋಡಿ ಅಜ್ಜಿ ಶಭಾಷ್ ಎನ್ನುತ್ತಿದ್ದಳು.

ಆಮೇಲೆ ಹೊಟ್ಟೆನೋವು ಶುರುವಾಯಿತು. ಸೋಮವಾರ ಹೊಟ್ಟೆನೋವು, ಮಂಗಳವಾರ ತಲೆನೋವು, ಬುಧವಾರ ಎರಡೂ. ಶೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತ ಹುಡುಗಿ ಏಳಲೇ ಒಲ್ಲೆ ಎಂದಳು. ಅಂದು ಸೊಸೆಗೆ ರಜೆಯಿತ್ತು.

"ಒಂದು ವಾರ ಮನೇಲಿ ಇಟ್ಕೊಳ್ಳೋಣ ಅತ್ತೆ. ಏನೋ ಇದೆ ಅವಳ ಮನಸ್ಸಲ್ಲಿ. ಕೂತು ಕೇಳೋಣ."

"ಏನಿರುತ್ತೆ ಮಣ್ಣು? ಇವತ್ತು ಬಿಟ್ರೆ ನಾಳೆಗೂ ನೋವು, ನಾಡಿದ್ದಿಗೂ ನೋವು. ತಲೆ ಮೇಲೆ ಕೂರಿಸ್ಕೊಂಡ್ರೆ ಹೀಗೇ."

"ಅಲ್ಲಿ ಆ ಮಕ್ಕಳಿಗೆ ಆಗಿದ್ದು ನೋಡಿದ ಮೇಲೆ ನನಗೇ ಅವಳನ್ನ ಕಳಿಸೋಕೆ ಕೈ ಬರ್ತಿಲ್ಲ."

"ಹಾಗನ್ನು! ಭಯ ನಿನಗೆ, ಹೊಟ್ಟೆನೋವು ಅವಳಿಗೆ!"

ಮಗ ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ನಡುವೆ ಬಂದ. "ಇಬ್ಬರೂ ಸ್ವಲ್ಪ ಸುಮ್ನಿರಿ ಮಾರಾಯ್ರೇ. ಬೀಗ ಹಾಕಿದ್ದು ನಾನು. ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ. ಏಳೋ ಪುಟ್ಟಾ, ಅಪ್ಪ ಇದೀನಿ."

ಚಿಟಿಕೆ ಅಪ್ಪನ ಮುಖ ನೋಡಿದಳು. ಆಮೇಲೆ ಶೂ ಹಾಕಿಕೊಂಡಳು.

ಗುರುವಾರ ಹನ್ನೊಂದು ಗಂಟೆಗೆ ಶಾಲೆಯಿಂದ ಫೋನು ಬಂತು: ಮಗುವಿಗೆ ಜ್ವರ ಕೆಂಡದಂತಿದೆ, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಾಳೆ, ಬೇಗ ಬನ್ನಿ. ಅಜ್ಜಿ ಮೇಜಿನ ಇಕ್ಕಳದಲ್ಲಿ ಕಚ್ಚಿಸಿದ್ದ ಕೀ ಹಾಗೇ ಬಿಟ್ಟು, ಗಿರಾಕಿಯನ್ನೂ ಬಿಟ್ಟು, ಅಂಗಡಿಗೆ ಬೀಗ ಹಾಕುವುದನ್ನೇ ಮರೆತು ಓಡಿದಳು. ನಲವತ್ತು ವರ್ಷದಲ್ಲಿ ಹಾಗೆ ಮರೆತದ್ದು ಅದೇ ಮೊದಲು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಮೂತ್ರದ ಸೋಂಕು ಎಂದರು. "ನೀರು ಎಷ್ಟು ಕುಡೀತಾಳೆ?"

"ಬಾಟಲಿ ಪೂರ್ತಿ ಖಾಲಿ ಮಾಡ್ಕೊಂಡೇ ಬರ್ತಾಳೆ. ನಾನೇ ನೋಡ್ತೀನಲ್ಲ ದಿನಾ!"

ಡಾಕ್ಟರಮ್ಮ ಅಜ್ಜಿಯನ್ನು ಬಿಟ್ಟು ಮಗುವಿನ ಕಡೆ ತಿರುಗಿದರು. "ಹೌದಾ ಮರಿ?"

ಚಿಟಿಕೆ ಕಾಲು ನೋಡಿಕೊಳ್ಳುತ್ತ, "ಗೇಟಿನ ಹತ್ರ ಗಿಡಕ್ಕೆ ಹಾಕ್ತೀನಿ," ಎಂದಳು. "ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಾಗುತ್ತಲ್ಲ."

"ಹೋಗ್ಬೇಕಮ್ಮ, ಎಲ್ಲರೂ ಹೋಗ್ತಾರೆ."

"ನಾನು ಹೋಗಲ್ಲ." ಚಿಟಿಕೆ ಅಡ್ಡಡ್ಡ ತಲೆಯಾಡಿಸಿದಳು. ಅಜ್ಜಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ದಿನಾ ಅಲ್ಲಾಡಿಸಿ ನೋಡಿದ ಬಾಟಲಿ, ದಿನಾ ಹೇಳಿದ ಶಭಾಷು! ಔಷಧಿ ಕೊಡುವಾಗ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು, "ಇದು ವಾಸಿಯಾಗುತ್ತೆ. ಆದ್ರೆ ಯಾಕೆ ಹೋಗಲ್ಲ ಅಂತ ಗೊತ್ತಾಗದೆ ಇದ್ರೆ ಮತ್ತೆ ಬರುತ್ತೆ. ಹೀಗೇ ಬರ್ತಾ ಇದ್ರೆ ಕಿಡ್ನಿಗೆ ತೊಂದ್ರೆ," ಎಂದರು.

ಮೂರು ದಿನ ಮನೆಯಲ್ಲೇ ಇದ್ದಳು ಚಿಟಿಕೆ. ಜ್ವರ ಇಳಿದ ಶನಿವಾರ ಅಜ್ಜಿ ಅವಳನ್ನು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಬ್ರಶ್ಶು ಕೊಟ್ಟು, ಕೀ ಉಜ್ಜಿದಾಗ ಬೀಳುವ ಹಿತ್ತಾಳೆಯ ಪುಡಿ ಗುಡಿಸಲು ಹೇಳಿದಳು. ತಾನು ಅರ ಆಡಿಸುತ್ತಲೇ ಇದ್ದಳು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಈ ಹುಡುಗಿ ಹೇಳುವುದಿಲ್ಲ ಎಂದು ಅವಳಿಗೆ ಹೊಳೆದಿತ್ತು. ಇವಳ ಅಪ್ಪನೂ ಚಿಕ್ಕಂದಿನಲ್ಲಿ ಹಾಗೇ ಇದ್ದ.

"ಅವತ್ತು ಅಭ್ಯಾಸದ ದಿನ ನೀನೆಲ್ಲಿ ಕೂತಿದ್ಯೇ? ಗೋಡೆ ಹತ್ರಾನಾ?"

ಬ್ರಶ್ಶು ಸ್ವಲ್ಪ ಹೊತ್ತು ಓಡಾಡಿತು. "ನಾನು ಒಳಗಿರ್ಲಿಲ್ಲ."

ಅಜ್ಜಿ ಅರ ನಿಲ್ಲಿಸಲಿಲ್ಲ. ನಿಲ್ಲಿಸದಿರಲು ಬಹಳ ಕಷ್ಟವಾಯಿತು. "ಮತ್ತೆಲ್ಲಿದ್ದೆ?"

"ಟಾಯ್ಲೆಟ್ಟಿಗೆ ಹೋಗಿದ್ದೆ. ಗಂಟೆ ಹೊಡೀತು. ಓಡಿ ಬಂದೆ. ಬಾಗಿಲು ಹಾಕ್ಬಿಟ್ಟಿದ್ರು. ತಟ್ಟಿದೆ, ಯಾರೂ ತೆಗೀಲಿಲ್ಲ. ಪಕ್ಕದ ಕ್ಲಾಸೂ ಹಾಕಿತ್ತು. ವರಾಂಡದಲ್ಲಿ ಯಾರೂ ಇರ್ಲಿಲ್ಲ ಅಜ್ಜಿ." ಉಸಿರೆಳೆದುಕೊಂಡು ಮುಂದುವರಿಸಿದಳು. "ಅದು ಅಪ್ಪನ ಬೀಗ. ಒಂದು ಸಲ ಬಿತ್ತು ಅಂದ್ರೆ ನಿಮ್ಮಪ್ಪನ ಕೈಲೂ ಹೊರಗಿಂದ ತೆಗೆಯೋಕೆ ಆಗಲ್ಲ ಅಂತ ಭಾನುವಾರ ಅಪ್ಪಾನೇ ಹೇಳಿದ್ರು. ನಿಜವಾಗ್ಲೂ ಆ ಬಂದೂಕಿನವನು ಬಂದಾಗ ನಾನು ಟಾಯ್ಲೆಟ್ಟಲ್ಲಿದ್ರೆ, ಅಪ್ಪ ಓಡಿ ಬಂದ್ರೂ ನನ್ನ ಒಳಗೆ ಕಳ್ಸೋಕಾಗಲ್ಲ. ಅದಕ್ಕೇ ಹೋಗಲ್ಲ."

"ಅಯ್ಯೋ ನನ್ನ ಕಂದಾ! ಆ ಬಂದೂಕಿನವನ ವಿಷಯ ನಿನಗೆ ಯಾರು ಹೇಳಿದ್ರು?"

"ಟವೆಲ್ ಹಾಕಿದ್ಯಲ್ಲ, ಅದಕ್ಕೆ ಮುಂಚೆ ನಾನೂ ನೋಡಿದ್ದೆ. ನೀನು ಆ ಮಾತು ಎತ್ತಬಾರದು ಅಂದೆ. ಅಪ್ಪನಿಗೆ ಹೇಳಿದ್ರೆ ಅಪ್ಪನಿಗೂ ಬೇಜಾರಾಗುತ್ತೆ, ಅಷ್ಟು ಕಷ್ಟಪಟ್ಟು ಹಾಕಿದ್ದಾರೆ."

ಅಜ್ಜಿ ಈಗ ಅರ ಕೆಳಗಿಟ್ಟಳು. ಮೊಮ್ಮಗಳನ್ನು ಹಿತ್ತಾಳೆ ಪುಡಿಯ ಸಮೇತ ಎಳೆದು ಮಡಿಲಿಗೆ ಹಾಕಿಕೊಂಡು ಗೊಳೋ ಎಂದು ಅತ್ತಳು. ಚಿಟಿಕೆಗೆ ಗಾಬರಿಯಾಗಿ, "ಅಜ್ಜಿ, ಗಿರಾಕಿ ಬಂದ್ರು," ಎಂದಳು. ಬಂದವರಿಗೆ ಅಜ್ಜಿ ಅಳುತ್ತಲೇ, "ಆಮೇಲೆ ಬನ್ನಿ, ಈಗ ಅಂಗಡಿ ಇಲ್ಲ," ಎಂದು ಕೈಯಾಡಿಸಿದಳು.

ಮಧ್ಯಾಹ್ನ ಸೊಸೆ ಕೆಲಸದಿಂದ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತಾಗ ಅವಳೇ ಮಾತು ಎತ್ತಿದಳು. ಮಗು ಕೂತಿದ್ದ ಹಾಗೇ, ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಅನ್ನ ಕಲಸುತ್ತಿದ್ದ ಮಗನ ಕೈ ನಿಂತಿತು. ಮೊದಲು ಅವನಿಗೆ ಬಂದದ್ದು ಕೋಪ.

"ಯಾವ ಟೀಚರ್ ಅವಳು? ಮಗು ತಟ್ತಾ ಇದ್ರೆ ತೆಗೆಯೋಕೇನು ರೋಗ? ಈಗಲೇ ಹೋಗಿ ಕೇಳ್ತೀನಿ."

"ಯಾರು ತಟ್ಟಿದ್ರೂ ತೆಗೀಬೇಡಿ ಅಂತ ಚೀಟಿ ಬಂದಾಗ ಓದಿ ಸರಿಯಾಗಿದೆ ಅಂದವರು ಯಾರು ರೀ?" ಎಂದಳು ಸೊಸೆ. "ನೀವೇ ತಾನೆ? ನಾನು ಬಡ್ಕೊಂಡೆ, ಅವಳ ಜೊತೆ ಮಾತಾಡೋಣ, ಮಾತಾಡೋಣ ಅಂತ. ಈ ಮನೇಲಿ ನನ್ನ ಮಾತಿಗೆ ಬೆಲೆ ಎಲ್ಲಿದೆ?"

ಎಲ್ಲರೂ ಅಜ್ಜಿಯಿಂದ ಒಂದು ಖಾರದ ಉತ್ತರ ಬರುತ್ತದೆಂದು ಕಾದರು. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ತಪ್ಪು ನಂದು ಕಣೇ," ಎಂದಳು. "ಮಾತಿಗೆ ಬೀಗ ಹಾಕಿದೋಳು ನಾನು. ನೀನು ಹೇಳಿದ್ದೇ ಸರಿಯಾಗಿತ್ತು."

ಮದುವೆಯಾಗಿ ಹತ್ತು ವರ್ಷವಾದರೂ ಸೊಸೆ ಈ ಮಾತು ಕೇಳಿರಲಿಲ್ಲ. ಮುಂದಿನ ಜಗಳಕ್ಕೆ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಅವಳಿಗೆ ಮರೆತೇ ಹೋಯಿತು. "ಹೋಗ್ಲಿ ಬಿಡಿ ಅತ್ತೆ. ಊಟ ಮಾಡಿ," ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು.

ಮಗ ಚಿಟಿಕೆಯನ್ನು ನೋಡಿ, "ನಿನಗೆ ಧೈರ್ಯ ಬರ್ಲಿ ಅಂತ ಹೇಳಿದ್ದೋ ಪುಟ್ಟಾ," ಎಂದ.

"ಗೊತ್ತು ಅಪ್ಪ," ಎಂದಳು ಚಿಟಿಕೆ.

ಸೋಮವಾರ ಅಪ್ಪ, ಅಮ್ಮ, ಅಜ್ಜಿ ಮೂವರೂ ಮಗುವಿನ ಜೊತೆ ಶಾಲೆಗೆ ಹೋದರು. ಹೆಡ್‌ಮೇಡಂ ಮೊದಲು ನಿಯಮದ ಪುಸ್ತಕ ತೆಗೆದರು. ಕ್ಲಾಸ್ ಟೀಚರು ಬಾಗಿಲ ಬಳಿ ನಿಂತಿದ್ದಳು; ಇನ್ನೂ ಚಿಕ್ಕ ವಯಸ್ಸಿನವಳು, ಎರಡು ಕೈಯನ್ನೂ ಹಿಸುಕಿಕೊಳ್ಳುತ್ತಿದ್ದಳು. ಹೆಡ್‌ಮೇಡಂ ಓದಿ ಮುಗಿಸುವ ಮುಂಚೆಯೇ ಅವಳು ಬಾಯಿಬಿಟ್ಟಳು.

"ತಟ್ಟಿದ್ದು ನನಗೆ ಕೇಳಿಸ್ತು. ಚಿಕ್ಕ ಕೈ ಅಂತಾನೂ ಗೊತ್ತಾಯ್ತು. ನಿಯಮ ಅಂತ ತೆಗೀಲಿಲ್ಲ. ಮುಗಿದ ಮೇಲೆ ಇವಳೇ ನಗ್ತಾ ಒಳಗೆ ಬಂದಳು, ಸರಿ, ಏನೂ ಆಗಿಲ್ಲ ಅಂದ್ಕೊಂಡೆ. ನಿಮಗೆ ಆವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು."

ಬೈಯಲೆಂದೇ ಬಾಯಿ ಸಿದ್ಧ ಮಾಡಿಕೊಂಡು ಬಂದಿದ್ದ ಅಜ್ಜಿಗೆ ಆ ಹುಡುಗಿಯ ಮುಖ ನೋಡಿ ಬೈಗುಳ ಬರಲಿಲ್ಲ. ಮಗನೇ ಮಾತಾಡಿದ. "ನಿಮ್ಮದಲ್ಲ ಟೀಚರ್. ಬೀಗ ನಂದು. ಒಳಗಿರೋ ಮಕ್ಕಳನ್ನೇ ನೆನೆಸ್ಕೊಂಡು ಮಾಡ್ದೆ. ಹೊರಗಿರೋ ಮಗು ಒಂದು ಇರುತ್ತೆ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ. ಇಷ್ಟು ವರ್ಷ ಬೀಗದ ಕೆಲಸ ಮಾಡಿ, ಒಳಗೆ ಬರೋರಿಗೆ ಕೀನೂ ಬೇಕು ಅಂತ ಮರೆತೆ."

ಹೆಡ್‌ಮೇಡಂ ಪುಸ್ತಕ ಮುಚ್ಚಿದರು. ಒಂದು ಗಂಟೆಯಲ್ಲಿ ಹೊಸದೊಂದು ಏರ್ಪಾಡು ಹೊರಬಿತ್ತು. ಹೊರಗಿರುವ ಮಗು ತನ್ನ ಕ್ಲಾಸಿಗೆ ಓಡುವುದು ಬೇಡ. ಟಾಯ್ಲೆಟ್ಟಿನಲ್ಲಿದ್ದರೆ ಅಲ್ಲೇ ಉಳಿಯಬೇಕು. ಅದರ ಹೊರಬಾಗಿಲಿಗೆ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಗಟ್ಟಿ ಚಿಲಕ ಬರುತ್ತದೆ. ಅಲ್ಲೇ ಪಕ್ಕದಲ್ಲಿ ಕೂರುವ ಆಯಾ ಗಂಟೆ ಕೇಳಿದ ಕೂಡಲೇ ಒಳಗೆ ಬಂದು ಮಕ್ಕಳ ಜೊತೆ ಇರಬೇಕು. ವರಾಂಡದಲ್ಲಿದ್ದ ಮಗುವನ್ನು ಹತ್ತಿರದ ಟೀಚರು ಬಾಗಿಲು ಎಳೆಯುವ ಮುಂಚೆ ಒಳಗೆ ಕರೆದುಕೊಳ್ಳಬೇಕು. ಎಲ್ಲ ಬಾಗಿಲಿಗೂ, ಟಾಯ್ಲೆಟ್ಟಿನ ಚಿಲಕಕ್ಕೂ, ಹೊರಗಿಂದ ಒಂದೇ ಕೀ. ಅದು ಹೆಡ್‌ಮೇಡಂ, ಕ್ಲಾಸ್ ಟೀಚರು, ಆಯಾ, ಈ ಮೂರೇ ಜನರ ಸೊಂಟದಲ್ಲಿ, ಮತ್ತೆಲ್ಲೂ ಇಲ್ಲ.

"ಆಯಾ ಚಹಾ ಕುಡಿಯೋಕೆ ಹೋಗಿದ್ರೆ?" ಎಂದಳು ಚಿಟಿಕೆ. ಇಷ್ಟು ಹೊತ್ತೂ ಅವಳು ಒಂದೊಂದು ಮಾತನ್ನೂ ಕೇಳುತ್ತಿದ್ದಳು.

ಹೆಡ್‌ಮೇಡಂ ಅವಳ ಕಡೆ ತಿರುಗಿದರು. "ಒಳ್ಳೇ ಪ್ರಶ್ನೆ. ಅವರು ಎದ್ದು ಹೋಗೋವಾಗ ಬೇರೆಯವರನ್ನ ಕೂರಿಸಿ ಹೋಗ್ಬೇಕು. ಬರ್ಕೊಳ್ಳಿ ಟೀಚರ್."

ಆ ವಾರವಿಡೀ ಅಂಗಡಿಯಲ್ಲಿ ಅದೇ ಕೆಲಸ. ಮಗ ಹದಿನಾಲ್ಕು ಬೀಗವನ್ನೂ ಬಿಚ್ಚಿ ತಂದು ಹೊರಗಡೆಗೂ ಕೀ ಹಾಕುವ ತೂತು ಮಾಡಿದ. ಅಜ್ಜಿ ಮೂರು ಕೀ ಕೊರೆದಳು. ಒಂದೊಂದನ್ನೂ ಹದಿನಾಲ್ಕು ಬೀಗಕ್ಕೆ ಹಾಕಿ ತಿರುಗಿಸಿ ನೋಡಿದವಳು ಚಿಟಿಕೆ. ತಿರುಗಿಸುವಾಗೆಲ್ಲ ಅವಳ ಬಾಯಿಂದ ಪ್ರಶ್ನೆಗಳು ಉದುರುತ್ತಿದ್ದವು. ಅಜ್ಜಿ ಇನ್ನು ಒಂದನ್ನೂ ತಳ್ಳಿಹಾಕುವುದಿಲ್ಲ ಎಂದು ನಿಶ್ಚಯಿಸಿದ್ದಳು.

"ಅವನು ನಮ್ಮ ಶಾಲೆಗೂ ಬರ್ತಾನಾ?"

"ಅವನು ಬರಲ್ಲ, ಪೊಲೀಸರು ಹಿಡಿದಿದ್ದಾರೆ."

"ಬೇರೆಯವನು?"

ಅಜ್ಜಿಗೆ ಥಟ್ಟನೆ ಇಲ್ಲ ಎನ್ನಬೇಕೆನಿಸಿತು. ನಾಲಿಗೆ ಕಚ್ಚಿಕೊಂಡಳು. "ಬರೋದೇ ಇಲ್ಲ ಅಂತ ಆಣೆ ಇಡೋಕೆ ನನ್ನ ಕೈಲಿ ಆಗಲ್ಲ ಕಂದಾ. ಆದ್ರೆ ಅಂಥಾದ್ದು ಬಹಳ ಬಹಳ ಅಪರೂಪ. ಇಷ್ಟು ವಯಸ್ಸಾಯ್ತು, ನಾನು ಕಂಡ ಯಾವ ಶಾಲೇಲೂ ಆಗಿಲ್ಲ. ಆಗದೆ ಇರ್ಲಿ ಅಂತ ನಿಮ್ಮಪ್ಪ, ಟೀಚರು, ಆಯಾ, ಎಲ್ಲಾ ದೊಡ್ಡೋರು ಕೆಲಸ ಮಾಡ್ತಾನೇ ಇದೀವಿ. ಅದು ನಮ್ಮ ಕೆಲಸ, ನಿಂದಲ್ಲ."

"ನಂದೇನು ಕೆಲಸ?"

"ನೀರು ಕುಡಿಯೋದು."

"ಅಷ್ಟೇನಾ?" ಎಂದು ಚಿಟಿಕೆ ಮುಂದಿನ ಬೀಗ ಎತ್ತಿಕೊಂಡಳು.

ಎರಡನೆಯ ಅಭ್ಯಾಸ ಇಂಥ ದಿನವೆಂದು ಶಾಲೆಯವರು ಈ ಸಲ ಮುಂಚೆಯೇ ತಿಳಿಸಿದ್ದರು. ಹತ್ತೂವರೆಗೆ. ಅಂದು ಅಜ್ಜಿ ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಯಲ್ಲಿ ಒಳಗೂ ಹೊರಗೂ ತಿರುಗಿದಳು. ಎರಡು ಕೀ ಕೆಡಿಸಿದಳು. ಮಗನೂ ಕೆಲಸಕ್ಕೆ ಹೋಗದೆ, ಸರಿಯಾಗೇ ಇದ್ದ ಮೆಶೀನು ಬಿಚ್ಚಿ ಜೋಡಿಸುತ್ತ ಕೂತ. ಸೊಸೆ ಅಂಚೆ ಕಚೇರಿಯಿಂದ ಮೂರು ಸಲ ಫೋನು ಮಾಡಿದಳು. ಮೂರನೆಯ ಸಲ ಅಜ್ಜಿ, "ನೀನು ಹೀಗೆ ಮಾಡ್ತಾ ಇದ್ರೆ ಬೇರೆಯವರ ಕಾಗದ ಎಲ್ಲೆಲ್ಲಿಗೆ ಹೋಗುತ್ತೋ," ಎಂದಳು. ಇಬ್ಬರಿಗೂ ನಗು ಬಂತು.

ಸಂಜೆ ಚಿಟಿಕೆ ಕುಣಿಯುತ್ತ ಬಂದಳು. "ಅಜ್ಜಿ, ನಾನು ಬೇಕೂಂತ ಹೋದೆ!"

"ಎಲ್ಲಿಗೇ?"

"ಟಾಯ್ಲೆಟ್ಟಿಗೆ! ಗಂಟೆ ಹೊಡಿಯೋಕೆ ಐದು ನಿಮಿಷ ಇತ್ತು, ಟೀಚರ್ ಹೋಗ್ಲಾ ಅಂದೆ. ಟೀಚರ್ ನನ್ನೇ ನೋಡಿದ್ರು, ಆಮೇಲೆ ಹೋಗು ಅಂದ್ರು. ಒಂದನೇ ಕ್ಲಾಸಿನ ಇಬ್ಬರು ಚಿಕ್ಕೋರಿದ್ರು ಅಲ್ಲಿ. ಗಂಟೆ ಹೊಡೀತು, ಆಯಾ ಓಡಿ ಬಂದ್ರು, ಚಿಲಕ ನಾನೇ ಹಾಕ್ದೆ. ಒಬ್ಬಳು ಅಳೋಕೆ ಶುರು ಮಾಡಿದ್ಲು. ಇದು ನಮ್ಮಪ್ಪ ಹಾಕಿದ್ದು, ಆನೆ ಬಂದ್ರೂ ಅಲ್ಲಾಡಲ್ಲ, ಹೊರಗಿಂದ ತೆಗೆಯೋ ಕೀ ನಮ್ಮಜ್ಜಿ ಮಾಡಿದ್ದು ಅಂತ ಕಿವೀಲಿ ಹೇಳ್ದೆ. ಸುಮ್ನಾದ್ಲು. ಆಮೇಲೆ ಟೀಚರೇ ಬಂದು ಕೀ ಹಾಕಿ ತೆಗೆದು ಮೊದಲು ನನ್ನ ಹೆಸರು ಕೂಗಿದ್ರು."

ಮಗ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಒಳಗೆ ಎದ್ದು ಹೋದ. ಅಳುವುದನ್ನು ತಾಯಿಗೆ ತೋರಿಸುವ ಅಭ್ಯಾಸ ಅವನಿಗಿರಲಿಲ್ಲ. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಅಂದು ಸಂಜೆ ಮನೆಯಲ್ಲಿ ಯಾರೂ ಯಾರಿಗೂ ಗದರಲಿಲ್ಲ. ಚಿಟಿಕೆ ಎರಡು ಸಲ ಸೂಪು ಹಾಕಿಸಿಕೊಂಡಳು.

ತಿಂಗಳು ಕಳೆಯಿತು. ಒಂದು ಸಂಜೆ ಸೊಸೆ ಮಗಳ ಚೀಲದಿಂದ ಡಬ್ಬಿ ತೆಗೆಯುವಾಗ ಡೈರಿಯೊಳಗೆ ಕೆಂಪು ಶಾಯಿಯ ಬರಹ ಕಂಡು ಮುಖ ಗಂಟಿಕ್ಕಿದಳು.

"ಏನೇ ಅದು? ಶಾಲೆಯಿಂದಾನಾ?" ಅಜ್ಜಿ ಅರ ಬಿಟ್ಟು ಎದ್ದು ಬಂದಳು. "ಓದೇ, ಬೇಗ ಓದು!"

"ಹೊಸದಾಗಿ ಬಂದಿರೋ ಗಣಿತದ ಮೇಷ್ಟ್ರು ಬರೆದಿದ್ದಾರೆ ಅತ್ತೆ. 'ನಿಮ್ಮ ಮಗಳು ನನ್ನ ತರಗತಿಯಲ್ಲಿ ಪ್ರತಿದಿನ ಮೂರು ನಾಲ್ಕು ಬಾರಿ ಶೌಚಾಲಯಕ್ಕೆಂದು ಹೊರಗೆ ಹೋಗುತ್ತಾಳೆ. ಹೋದರೆ ಬೇಗ ಬರುವುದಿಲ್ಲ. ಆಯಾ ಜೊತೆ ಹರಟೆ ಹೊಡೆಯುತ್ತಿರುತ್ತಾಳೆ. ಬೇರೆ ತರಗತಿಗಳಲ್ಲಿ ಈ ತೊಂದರೆ ಇಲ್ಲವಂತೆ. ದಯವಿಟ್ಟು ಬುದ್ಧಿ ಹೇಳಿ.'"

ಮೂಲೆಯಲ್ಲಿ ಚಿಟಿಕೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಸೊಸೆ ಡೈರಿ ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು. ಅಜ್ಜಿಯ ಹೊಟ್ಟೆ ಕುಲುಕತೊಡಗಿತು, ಆಮೇಲೆ ಭುಜ, ಆಮೇಲೆ ಇಡೀ ಅಜ್ಜಿಯೇ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತಡೆಯಲಾರದೆ ಸೊಸೆಯೂ ನಕ್ಕಳು.

"ನಾನೀಗ ಇವಳಿಗೆ ಬೈಬೇಕೋ ಬೇಡ್ವೋ ಹೇಳಿ ಅತ್ತೆ!"

"ಬೈಯಿ, ಚೆನ್ನಾಗಿ ಬೈಯಿ," ಎಂದಳು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಇಂಥಾದ್ದಕ್ಕೆ ಬೈಯೋ ದಿನ ಯಾವಾಗ ಬರುತ್ತಪ್ಪಾ ಅಂತ ನಾನು ಕಾದೂ ಕಾದೂ ಸಾಕಾಗಿದ್ದೆ."